ಮದ್ದು ನಾಲಿಗೆಯ ಮೇಲೆ, ಉಬ್ಬಸ ಎದೆಯಲ್ಲಿ

ಮಳೆಗಾಲ ಹಿಡಿದ ಮೊದಲ ವಾರಗಳಲ್ಲಿ ಮಲೆನಾಡಿನ ಯಾವ ತಾಲ್ಲೂಕು ಆಸ್ಪತ್ರೆಗೆ ಹೋದರೂ ಕಾಣಸಿಗುವ ದೃಶ್ಯ ಇದು. ಐವತ್ತು ದಾಟಿದ ಹೆಂಗಸೊಬ್ಬರು ವೈದ್ಯರ ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಒಂದು ಮಾತು ಮುಗಿಸಲು ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು. ರಾತ್ರಿ ಮಲಗಿದರೆ ಎದೆ ಬಿಗಿಯುತ್ತದೆ. ಎದ್ದು ಗೋಡೆಗೊರಗಿ ಕುಳಿತು ಬೆಳಗು ಮಾಡಬೇಕು. ಕೈಚೀಲದಿಂದ ಇನ್‌ಹೇಲರ್ ತೆಗೆದು ಮೇಜಿನ ಮೇಲಿಟ್ಟು ಅವರು ಹೇಳುವುದು ಇಷ್ಟೆ:

‘ಡಾಕ್ಟ್ರೇ, ಈ ಪಂಪಿನಿಂದ ಏನೂ ಉಪಯೋಗ ಆಗ್ಲಿಲ್ಲ. ಮೂರು ಡಬ್ಬಿ ಮುಗೀತು. ಮೊದ್ಲಿನ ಗುಳಿಗೆನೇ ಬರ್ಕೊಡಿ.’

ವೈದ್ಯರ ಕೈಯಲ್ಲಿ ಪೆನ್ನಿದೆ. ಹೊರಗೆ ಇನ್ನೂ ನಲವತ್ತು ಜನ ಕಾದಿದ್ದಾರೆ. ಇನ್ನೂ ಜೋರಾದ ಔಷಧ ಬರೆಯುವುದು ಒಂದು ದಾರಿ. ಹಳೆಯ ಗುಳಿಗೆಗೇ ಮರಳುವುದು ಇನ್ನೊಂದು. ಅಷ್ಟರಲ್ಲಿ ಪಕ್ಕದಲ್ಲಿ ನಿಂತ ನರ್ಸ್ ಕೇಳುತ್ತಾರೆ: ‘ಅಮ್ಮಾ, ಒಂದ್ಸಲ ನನ್ನೆದುರಿಗೇ ಹೊಡ್ಕೊಂಡು ತೋರ್ಸಿ, ನೋಡೋಣ.’

ಅವರು ಮುಚ್ಚಳ ತೆಗೆಯುತ್ತಾರೆ. ಡಬ್ಬಿಯನ್ನು ಅಲುಗಾಡಿಸುವುದಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ದೊಡ್ಡದಾಗಿ ತೆರೆದು, ಉಸಿರು ಬಿಗಿಹಿಡಿದು, ‘ಪುಸ್ ಪುಸ್’ ಎಂದು ಎರಡು ಸಲ ಒತ್ತುತ್ತಾರೆ. ಬಿಳಿಯ ಹೊಗೆ ಬಾಯಿಂದಲೂ ಮೂಗಿನಿಂದಲೂ ಹೊರಗೆ ಬರುತ್ತದೆ. ಉಳಿದದ್ದನ್ನು ಗುಟುಕರಿಸಿ ನುಂಗಿ, ‘ಹೀಗೇ ಮಾಡ್ತೀನಿ’ ಎನ್ನುತ್ತಾರೆ.

ಮೂರು ಡಬ್ಬಿ ಮದ್ದು ಎಲ್ಲಿಗೆ ಹೋಯಿತೆಂಬುದು ಈಗ ಗೊತ್ತಾಯಿತು. ಸ್ವಲ್ಪ ಗಾಳಿಗೆ, ಸ್ವಲ್ಪ ನಾಲಿಗೆಗೆ, ಸ್ವಲ್ಪ ಹೊಟ್ಟೆಗೆ. ಎದೆಗೆ ಮಾತ್ರ ಹೋಗಲೇ ಇಲ್ಲ.

ಆಸ್ತಮಾ ರೋಗಿಗಳ ಮಟ್ಟಿಗೆ ಇದು ಅಪರೂಪದ ಕಥೆಯಲ್ಲ. ಇನ್‌ಹೇಲರ್ ಬಳಸುವವರು ಎಷ್ಟು ಸರಿಯಾಗಿ ಬಳಸುತ್ತಾರೆಂದು ಜಗತ್ತಿನ ನಾನಾ ಕಡೆ 1975ರಿಂದ 2014ರವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಅದರಲ್ಲಿ 54 ಸಾವಿರಕ್ಕೂ ಹೆಚ್ಚು ಜನರ ವಿವರಗಳಿದ್ದವು. ಸರಿಯಾಗಿ ಬಳಸುತ್ತಿದ್ದವರು ಶೇಕಡ 31 ಮಾತ್ರ. ಇನ್ನೂ ಬೇಸರದ ಸಂಗತಿಯೆಂದರೆ, ಮೊದಲ ಇಪ್ಪತ್ತು ವರ್ಷಗಳಿಗೂ ನಂತರದ ಇಪ್ಪತ್ತು ವರ್ಷಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಹೊಸ ಔಷಧಗಳು ಬಂದವು, ಹೊಸ ಹೊಸ ಸಾಧನಗಳು ಬಂದವು. ಬಳಸುವ ಕೈ ಮಾತ್ರ ಕಲಿಯದೆ ಉಳಿಯಿತು. ಕೈ ಕಲಿಯಲಿಲ್ಲ ಎನ್ನುವುದಕ್ಕಿಂತ, ಅದಕ್ಕೆ ಯಾರೂ ಕಲಿಸಲಿಲ್ಲ ಎನ್ನುವುದೇ ಸರಿ.

ಉಸಿರಿನ ಮೂಲಕವೇ ಏಕೆ?

ಆಸ್ತಮಾ, ಉಬ್ಬಸ, ಗೂರಲು, ದಮ್ಮು - ಊರಿಗೊಂದು ಹೆಸರಿರುವ ಈ ರೋಗದ ನೆಲೆ ಶ್ವಾಸನಾಳಗಳಲ್ಲಿದೆ. ಗಂಟಲಿನಿಂದ ಇಳಿಯುವ ಉಸಿರಿನ ಕೊಳವೆ ಮರದ ಕೊಂಬೆಗಳಂತೆ ಕವಲೊಡೆಯುತ್ತಾ, ಸುಮಾರು 23 ಸಲ ಕವಲಾಗಿ, ಕೊನೆಗೆ ಸಣ್ಣ ಗಾಳಿಚೀಲಗಳನ್ನು ತಲುಪುತ್ತದೆ. ಆಸ್ತಮಾ ಇರುವವರಲ್ಲಿ ಈ ಕೊಳವೆಗಳ ಒಳಪದರ ಸದಾ ಕೆಂಪೇರಿ ಊದಿಕೊಂಡಿರುತ್ತದೆ. ಧೂಳು, ಹೊಗೆ, ಶೀತ, ಪರಾಗ, ಘಾಟು ವಾಸನೆ ತಾಗಿದೊಡನೆ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಕಫ ತುಂಬುತ್ತದೆ. ದಾರಿ ಕಿರಿದಾಗಿ, ಉಸಿರು ಬಿಡುವಾಗ ಕುಂಯ್‌ಗುಡುವ ಸದ್ದು ಏಳುತ್ತದೆ.

ರೋಗ ಇರುವ ಜಾಗಕ್ಕೇ ಮದ್ದು ತಲುಪಿಸುವುದು ಜಾಣತನ. ಸಾಲ್ಬುಟಮಾಲ್ ಎಂಬ ಔಷಧವನ್ನೇ ತೆಗೆದುಕೊಳ್ಳಿ. ಅದರ ಗುಳಿಗೆ 4 ಮಿಲಿಗ್ರಾಮಿನದು. ಇನ್‌ಹೇಲರಿನ ಒಂದು ಪಫ್‌ನಲ್ಲಿರುವುದು 100 ಮೈಕ್ರೊಗ್ರಾಮ್, ಅಂದರೆ ಗುಳಿಗೆಯ ನಲವತ್ತನೇ ಒಂದು ಭಾಗ. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಆಮೇಲೆ ಎದೆಯನ್ನು ಮುಟ್ಟಬೇಕು. ಅಷ್ಟರಲ್ಲಿ ಕೈ ನಡುಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಇನ್‌ಹೇಲರಿನ ಮದ್ದು ನೇರವಾಗಿ ಕೊಳವೆಗಿಳಿದು ಐದು ನಿಮಿಷದೊಳಗೆ ಕೆಲಸ ಶುರು ಮಾಡುತ್ತದೆ. ಕಡಿಮೆ ಮದ್ದು, ಬೇಗ ಗುಣ, ಕಡಿಮೆ ತೊಂದರೆ.

ಉಸಿರಿನ ಮೂಲಕ ಮದ್ದು ಕೊಡುವುದು ಹೊಸ ವಿಚಾರವೇನೂ ಅಲ್ಲ. ಉಬ್ಬಸಕ್ಕೆ ಉಮ್ಮತ್ತಿ ಗಿಡದ ಹೊಗೆ ಸೇದುವ ಪದ್ಧತಿ ಭಾರತದಲ್ಲಿ ಹಿಂದಿನಿಂದ ಇತ್ತು. 1802ರ ಸುಮಾರಿಗೆ ಅದು ಮದರಾಸಿನಿಂದ ಬ್ರಿಟನ್ನಿಗೂ ಹೋಯಿತು. ಆದರೆ ಉಮ್ಮತ್ತಿ ವಿಷದ ಗಿಡ. ಪ್ರಮಾಣ ಕೈಮೀರಿದರೆ ಪ್ರಾಣಕ್ಕೇ ಅಪಾಯ. ಅಳತೆ ಮಾಡಿದಷ್ಟೇ ಮದ್ದು ಹೊರಬೀಳುವ ಡಬ್ಬಿ ಬಂದದ್ದು 1956ರಲ್ಲಿ. ಅದರ ಹಿಂದೆ ಒಬ್ಬ ಹುಡುಗಿಯ ಪ್ರಶ್ನೆಯಿದೆ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಅಧ್ಯಕ್ಷ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಆಸ್ತಮಾ ಇತ್ತು. ಆಗಿನ ಸಾಧನ ಬಳಸಲು ಬಲು ತೊಡಕಿನದು. ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಹಾಗೆ ತನ್ನ ಮದ್ದನ್ನೂ ಡಬ್ಬಿಯಲ್ಲಿ ತುಂಬಿಕೊಡಬಾರದೇಕೆ ಎಂದು ಆಕೆ 1955ರಲ್ಲಿ ತಂದೆಯನ್ನು ಕೇಳಿದಳು. ವರ್ಷದೊಳಗೆ ಡಬ್ಬಿ ಸಿದ್ಧವಾಯಿತು. ಇಂದಿಗೂ ಜನ ‘ಪಂಪು’ ಎಂದು ಕರೆಯುವುದು ಅದರ ಸಂತತಿಯನ್ನೇ.

ಮಗು ಕೇಳಿದ್ದು ಸುಲಭದ ಸಾಧನವನ್ನು. ಬಂದ ಸಾಧನವೇನೋ ಸುಲಭ, ಆದರೆ ಅದರಲ್ಲೊಂದು ಸಣ್ಣ ಗುಟ್ಟು ಉಳಿದುಬಿಟ್ಟಿತು. ಬೆರಳು ಒತ್ತುವುದೂ ಉಸಿರು ಎಳೆಯುವುದೂ ಒಟ್ಟಿಗೆ ನಡೆಯಬೇಕು. ಸರಿಯಾಗಿ ಬಳಸಿದಾಗಲೂ ಡಬ್ಬಿಯ ಮದ್ದಿನಲ್ಲಿ ಶ್ವಾಸಕೋಶ ಸೇರುವುದು ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು ಮಾತ್ರ. ಉಳಿದದ್ದು ಬಾಯಿ ಗಂಟಲುಗಳಲ್ಲೇ ನಿಲ್ಲುತ್ತದೆ. ವೈದ್ಯರು ಪ್ರಮಾಣ ಲೆಕ್ಕ ಹಾಕುವುದೇ ಅದನ್ನು ಗಮನದಲ್ಲಿಟ್ಟು. ಆ ಅಷ್ಟೂ ಹೋಗದಿದ್ದರೆ ಉಳಿಯುವುದು ನಾಲಿಗೆಯ ಮೇಲಿನ ಕಹಿ ಮಾತ್ರ.

ಸರಿಯಾದ ಕ್ರಮ

ಪಂಪಿನ ಇನ್‌ಹೇಲರನ್ನು ಬಳಸುವ ಕ್ರಮ ಹೀಗೆ. ಮನೆಯಲ್ಲಿ ಬಳಸುವವರಿದ್ದರೆ ಇದನ್ನು ಗಟ್ಟಿಯಾಗಿ ಓದಿ ಹೇಳಿ, ಅವರಿಂದ ಮಾಡಿಸಿ ನೋಡಬಹುದು.

ಮೊದಲಿಗೆ ನೆಟ್ಟಗೆ ಕುಳಿತುಕೊಳ್ಳಬೇಕು ಇಲ್ಲವೆ ನಿಲ್ಲಬೇಕು. ಮುಚ್ಚಳ ತೆಗೆದು, ಬಾಯಿಗಿಡುವ ತುದಿಯೊಳಗೆ ಕಸಕಡ್ಡಿ, ಇರುವೆ ಇಲ್ಲವೆಂದು ನೋಡಿಕೊಳ್ಳಬೇಕು. ಚೀಲದಲ್ಲಿ, ಜೇಬಿನಲ್ಲಿ ಮುಚ್ಚಳವಿಲ್ಲದೆ ಇಟ್ಟುಕೊಳ್ಳುವವರಿಗೆ ಇದು ಮುಖ್ಯ. ಡಬ್ಬಿಯನ್ನು ಚೆನ್ನಾಗಿ ನಾಲ್ಕೈದು ಸಲ ಅಲುಗಾಡಿಸಬೇಕು. ಹೊಸ ಡಬ್ಬಿಯಾದರೆ, ಅಥವಾ ಬಹಳ ದಿನದಿಂದ ಬಳಸಿರದಿದ್ದರೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಹೊಡೆದು ಅನಂತರ ಉಪಯೋಗಿಸಬೇಕು.

ಇನ್ನು ಉಸಿರಿನ ಸರದಿ. ಎದೆಯಲ್ಲಿರುವ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡಬೇಕು. ಕೊಡ ತುಂಬಿದ್ದರೆ ಹೊಸ ನೀರು ಎಲ್ಲಿ ಹಿಡಿದೀತು? ಈ ಹಂತವನ್ನು ಮರೆಯುವವರು ಬಹಳ. ಅನಂತರ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಕಚ್ಚದೆ, ತುಟಿಗಳಿಂದ ಸುತ್ತಲೂ ಗಾಳಿ ಸೋರದಂತೆ ಮುಚ್ಚಬೇಕು. ನಾಲಿಗೆ ಕೆಳಗೆ ಮಲಗಿರಬೇಕು. ಮೇಲೆದ್ದರೆ ಮದ್ದಿಗೆ ಅಡ್ಡವಾಗುತ್ತದೆ.

ಈಗ ಬಾಯಿಂದ ನಿಧಾನವಾಗಿ ಉಸಿರೆಳೆಯಲು ಶುರು ಮಾಡಬೇಕು. ಶುರುವಾದ ಕೂಡಲೆ ಡಬ್ಬಿಯನ್ನು ಒಂದೇ ಒಂದು ಸಲ ಒತ್ತಬೇಕು. ಒತ್ತಿದ ಮೇಲೆ ಎಳೆಯುವುದನ್ನು ನಿಲ್ಲಿಸದೆ, ಮೂರರಿಂದ ಐದು ಸೆಕೆಂಡು, ಎದೆ ತುಂಬುವವರೆಗೆ ಎಳೆಯುತ್ತಲೇ ಇರಬೇಕು. ಒಮ್ಮೆಲೇ ಜೋರಾಗಿ ಎಳೆದರೆ ಮದ್ದಿನ ಹನಿಗಳು ಗಂಟಲಿನ ಹಿಂಗೋಡೆಗೆ ಅಪ್ಪಳಿಸಿ ಅಲ್ಲೇ ಅಂಟಿಕೊಳ್ಳುತ್ತವೆ.

ಆಮೇಲೆ ಡಬ್ಬಿ ತೆಗೆದು, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತಾ ಉಸಿರು ಹಿಡಿಯಬೇಕು. ಹತ್ತು ಆಗದಿದ್ದರೆ ಆದಷ್ಟು. ಕೊಳವೆಯ ಗೋಡೆಗೆ ಮದ್ದು ಕೂರಲು ಈ ಹೊತ್ತು ಬೇಕು. ಬಳಿಕ ಮೆಲ್ಲನೆ ಉಸಿರು ಬಿಡಬಹುದು. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಮೊದಲಿನಿಂದ ಎಲ್ಲವನ್ನೂ ಮಾಡಬೇಕು. ಎರಡು ಪಫ್ ಒಟ್ಟಿಗೆ ಹೊಡೆಯುವುದು ಲಾಭದ ವ್ಯಾಪಾರವಲ್ಲ.

ಮೇಲೆ ಹೇಳಿದ ಸಮೀಕ್ಷೆಯಲ್ಲಿ ಪಂಪು ಬಳಸುವವರು ಹೆಚ್ಚಾಗಿ ಎಡವಿದ್ದು ಮೂರು ಕಡೆ. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆ ತಪ್ಪಿದವರು ಶೇಕಡ 45. ಎಳೆಯುವ ವೇಗ ಅಥವಾ ಆಳ ತಪ್ಪಿದವರು ಶೇಕಡ 44. ಉಸಿರು ಹಿಡಿಯದವರು ಶೇಕಡ 46. ಮೂರರಲ್ಲಿ ಒಂದನ್ನಾದರೂ ತಿದ್ದಿಕೊಂಡರೆ ಅಷ್ಟರ ಮಟ್ಟಿಗೆ ಮದ್ದು ಎದೆಗೆ ಹೆಚ್ಚು ಇಳಿಯುತ್ತದೆ.

ಬಾಟಲಿಯೂ ಆದೀತು

ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ, ಬೆರಳು ಸಂದುಗಳಲ್ಲಿ ನೋವಿರುವವರಿಗೆ ಈ ಹೊಂದಿಕೆ ಕಷ್ಟ. ಅವರಿಗಾಗಿಯೇ ಇರುವುದು ‘ಸ್ಪೇಸರ್’ ಎಂಬ ಪ್ಲಾಸ್ಟಿಕ್ಕಿನ ಟೊಳ್ಳು ಬುರುಡೆ. ಅದರ ಒಂದು ತುದಿಗೆ ಪಂಪು, ಇನ್ನೊಂದು ತುದಿಗೆ ಬಾಯಿ. ಒತ್ತಿದ ಮದ್ದು ಬುರುಡೆಯೊಳಗೆ ಮೋಡದಂತೆ ನಿಲ್ಲುತ್ತದೆ. ದಪ್ಪ ಹನಿಗಳು ಬುರುಡೆಯ ಗೋಡೆಗೆ ಅಂಟಿ, ಸಣ್ಣವು ಮಾತ್ರ ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ಒಂದೇ ಉಸಿರಿನಲ್ಲಿ ಎಳೆಯಲಾಗದವರು ನಾಲ್ಕೈದು ಸಾಮಾನ್ಯ ಉಸಿರಿನಲ್ಲಿ ಎಳೆದುಕೊಂಡರೂ ಸಾಕು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂಗು ಬಾಯಿಗಳೆರಡನ್ನೂ ಮುಚ್ಚುವ ಮಾಸ್ಕ್ ಬೇಕು. ಮಗು ಅಳುತ್ತಿದ್ದರೆ ಮದ್ದು ಒಳಗೆ ಹೋಗುವುದು ತೀರ ಕಡಿಮೆ. ಮೊದಲು ಸಮಾಧಾನ ಮಾಡಿ ಆಮೇಲೆ ಕೊಡಬೇಕು.

ಸ್ಪೇಸರನ್ನು ತಿಂಗಳಿಗೊಮ್ಮೆ ಸಾಬೂನು ಬೆರೆಸಿದ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಡಬೇಕು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುದಾವೇಶ ಹುಟ್ಟಿ ಮದ್ದಿನ ಕಣಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ಸ್ಪೇಸರ್ ಕೊಳ್ಳಲು ಹಣವಿಲ್ಲದವರ ಪಾಡೇನು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಮಕ್ಕಳ ತಜ್ಞೆ ಹೆದರ್ ಝಾರ್ ಮತ್ತು ಅವರ ಜೊತೆಗಾರರು. ಅವರು ತಂಪು ಪಾನೀಯದ 500 ಮಿಲಿ ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ತುದಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ, ಸಂದು ಮುಚ್ಚಿ, ಬಾಟಲಿಯ ಬಾಯಿಗೆ ಮಗುವಿನ ಬಾಯಿ ಇರಿಸಿದರು. ಉಬ್ಬಸ ಏರಿದ ಮಕ್ಕಳಲ್ಲಿ ಈ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಅದೇ ಪರೀಕ್ಷೆಯಲ್ಲಿ ಥರ್ಮೊಕೋಲ್ ಲೋಟ ಅಷ್ಟು ಕೆಲಸ ಮಾಡಲಿಲ್ಲ. ಅಂಗಡಿಯ ಸ್ಪೇಸರ್ ಸಿಗುವವರೆಗೆ, ವೈದ್ಯರ ಅಥವಾ ನರ್ಸ್‌ಗಳ ಕಣ್ಣೆದುರು ಮಾಡಿಕೊಂಡ ಬಾಟಲಿಯೂ ಒಂದು ದಾರಿ.

ಆಸ್ಪತ್ರೆಗೆ ಹೋಗಿ ‘ಗಾಳಿಯ ಮೆಷಿನ್’ ಹಾಕಿಸಿಕೊಂಡರೇ ಗುಣ ಎಂದು ನಂಬಿದವರು ಬಹಳ. ಆ ಮೆಷಿನ್ನೇ ನೆಬುಲೈಸರ್. ಪ್ರಾಣಕ್ಕೆ ಎರವಾಗುವಂಥ ಸ್ಥಿತಿಯನ್ನು ಬಿಟ್ಟರೆ, ಸ್ಪೇಸರಿನ ಮೂಲಕ ಸರಿಯಾಗಿ ಕೊಟ್ಟ ಪಫ್‌ಗಳು ಅದಕ್ಕೆ ಸರಿಸಮವೆಂಬುದು ಅಧ್ಯಯನಗಳಿಂದ ಖಚಿತವಾಗಿದೆ.

ಪುಡಿಗೆ ಬೇರೆಯೇ ನಿಯಮ

ಗೊಂದಲ ಹುಟ್ಟುವುದು ಇಲ್ಲಿ. ಪಂಪಿನಂತೆಯೇ ಕರ್ನಾಟಕದಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಪುಡಿಯ ಇನ್‌ಹೇಲರ್. ರೋಟಾಹೇಲರ್ ಎಂಬ ಹೆಸರು ಹಲವರಿಗೆ ಪರಿಚಿತ. ಅದರಲ್ಲಿ ಮದ್ದು ಪುಡಿಯ ರೂಪದಲ್ಲಿ ಕ್ಯಾಪ್ಸೂಲಿನೊಳಗಿರುತ್ತದೆ. ಕ್ಯಾಪ್ಸೂಲನ್ನು ಸಾಧನದಲ್ಲಿಟ್ಟು ತಿರುಗಿಸಿದರೆ ಅದು ಎರಡು ಹೋಳಾಗಿ ಬಿಚ್ಚಿಕೊಂಡು ಪುಡಿ ಉದುರುತ್ತದೆ. ಬೇರೆ ಕೆಲವು ಸಾಧನಗಳಲ್ಲಿ ಸೂಜಿ ಅದನ್ನು ಚುಚ್ಚುತ್ತದೆ.

ಪಂಪಿನಲ್ಲಿ ಮದ್ದನ್ನು ತಳ್ಳುವುದು ಡಬ್ಬಿಯೊಳಗಿನ ಅನಿಲ. ಪುಡಿಯನ್ನು ತಳ್ಳುವವರು ಯಾರೂ ಇಲ್ಲ. ರೋಗಿಯ ಉಸಿರೇ ಅದನ್ನು ಎಳೆಯಬೇಕು. ಆದ್ದರಿಂದ ಪಂಪಿಗೆ ನಿಧಾನ, ಪುಡಿಗೆ ಜೋರು. ಪಂಪಾದರೆ ಹೂವಿನ ಪರಿಮಳ ತೆಗೆದುಕೊಂಡಷ್ಟು ಮೆಲ್ಲಗೆ. ಪುಡಿಯಾದರೆ ಎಳನೀರಿನ ತಳದ ಕೊನೆಯ ಗುಟುಕನ್ನು ಕೊಳವೆಯಲ್ಲಿ ಎಳೆದಷ್ಟು ಬಿರುಸಾಗಿ, ಆಳವಾಗಿ. ಒಂದಕ್ಕೆ ಅಭ್ಯಾಸವಾದವರಿಗೆ ಹೇಳದೆ ಕೇಳದೆ ಇನ್ನೊಂದನ್ನು ಕೊಟ್ಟರೆ ಹಳೆಯ ಅಭ್ಯಾಸವೇ ಮುಂದುವರಿದು ಮದ್ದು ವ್ಯರ್ಥವಾಗುತ್ತದೆ.

ಪುಡಿಯ ಸಾಧನದೊಳಕ್ಕೆ ಉಸಿರು ಬಿಡಬಾರದು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟು, ಆಮೇಲೆ ಬಾಯಿಗಿಟ್ಟುಕೊಳ್ಳಬೇಕು. ಬಾಯಿಯ ತೇವ ತಾಗಿದರೆ ಪುಡಿ ಗಂಟು ಕಟ್ಟುತ್ತದೆ. ಇದೇ ಕಾರಣಕ್ಕೆ ಕ್ಯಾಪ್ಸೂಲುಗಳನ್ನು ಬಚ್ಚಲಿನ ಕಪಾಟಿನಲ್ಲಿ ಇಡಬಾರದು. ಮಳೆಗಾಲದಲ್ಲಂತೂ ಅವು ಬಿಗಿ ಮುಚ್ಚಳದ ಸೀಸೆಯಲ್ಲೇ ಇರಬೇಕು; ಬೇಕಾದಾಗ ಒಂದನ್ನು ಒಣಕೈಯಿಂದ ತೆಗೆಯಬೇಕು. ಎಳೆದಾದ ಮೇಲೆ ಸಾಧನದಲ್ಲಿ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆದುಕೊಳ್ಳಬೇಕು.

ನೋಡಲು ನುಂಗುವ ಮಾತ್ರೆಯಂತೆಯೇ ಇರುವ ಈ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿಬಿಡುವವರೂ ಇದ್ದಾರೆ. ನಗುವ ವಿಷಯವಲ್ಲ. ಇದು ನುಂಗುವುದಲ್ಲ, ಎಳೆದುಕೊಳ್ಳುವುದು ಎಂಬ ಒಂದು ಮಾತನ್ನು ಕೊಡುವವರು ಹೇಳದಿದ್ದರೆ ತಿಳಿಯುವುದಾದರೂ ಹೇಗೆ?

ಸೋರುವ ಮನೆ, ಕೈಯಾಡಿಸದ ಹೆಂಚು

ಹೊಡೆಯುವ ರೀತಿ ಸರಿಯಾದರೂ ಹೊಡೆಯುವ ಮದ್ದು ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಇನ್‌ಹೇಲರಿನಲ್ಲಿ ಎರಡು ಬಗೆಯ ಮದ್ದು. ಒಂದು, ಬಿಗಿದ ಸ್ನಾಯುವನ್ನು ಕೂಡಲೆ ಸಡಿಲಿಸುವಂಥದು. ಸಾಲ್ಬುಟಮಾಲ್ ಈ ಜಾತಿಯದು. ಇನ್ನೊಂದು, ಒಳಪದರದ ಊತವನ್ನು ದಿನದಿನವೂ ತಗ್ಗಿಸುವ ಸ್ಟಿರಾಯ್ಡ್. ಬ್ಯುಡೆಸೊನೈಡ್, ಬೆಕ್ಲೊಮೆಥಾಸೋನ್ ಮೊದಲಾದವು. ಮಳೆ ಬಂದಾಗ ಸೋರುವ ಕಡೆ ಪಾತ್ರೆ ಇಡುವುದು ಮೊದಲನೆಯದರ ಕೆಲಸ. ಮಳೆಗಾಲಕ್ಕೆ ಮುಂಚೆಯೇ ಹೆಂಚು ಕೈಯಾಡಿಸುವುದು ಎರಡನೆಯದರ ಕೆಲಸ.

ಮೊದಲನೆಯದನ್ನು ಹೊಡೆದ ಕೂಡಲೆ ಹಾಯೆನಿಸುತ್ತದೆ. ಎರಡನೆಯದನ್ನು ಹೊಡೆದರೆ ಆ ಗಳಿಗೆಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಜನ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಡುತ್ತಾರೆ. ಇದು ಅಪಾಯಕರ. ಪಾತ್ರೆ ಇಟ್ಟಷ್ಟಕ್ಕೆ ಸೂರು ಸರಿಯಾಗುವುದಿಲ್ಲ. ಹದಿಹರೆಯದವರಿಗೂ ದೊಡ್ಡವರಿಗೂ ಬರಿಯ ಸಾಲ್ಬುಟಮಾಲ್ ಜಾತಿಯ ಮದ್ದಿನಿಂದ ಆಸ್ತಮಾ ಚಿಕಿತ್ಸೆ ನಡೆಸಕೂಡದು, ಸ್ಟಿರಾಯ್ಡ್ ಇರುವ ಇನ್‌ಹೇಲರ್ ಇರಲೇಬೇಕು ಎಂದು ಜಾಗತಿಕ ಆಸ್ತಮಾ ತಜ್ಞರ ಕೂಟವಾದ ‘ಜೀನಾ’ 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಈಗ ಎರಡು ಮದ್ದೂ ಒಂದೇ ಡಬ್ಬಿಯಲ್ಲಿರುವ ಇನ್‌ಹೇಲರುಗಳೂ ಇವೆ. ಯಾವುದು, ಎಷ್ಟು, ಯಾವಾಗ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು, ಡಬ್ಬಿಯ ಮೇಲೆಯೇ ‘ದಿನವೂ’, ‘ಉಬ್ಬಸ ಬಂದಾಗ’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿಕೊಳ್ಳುವುದು ಒಳ್ಳೆಯದು. ಬಣ್ಣವನ್ನೇ ನಂಬುವಂತಿಲ್ಲ, ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ.

ಒಂದು ಸರಳ ಲೆಕ್ಕವಿದೆ. 200 ಪಫ್‌ಗಳ ಉಪಶಮನದ ಡಬ್ಬಿ ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಖರ್ಚಾದರೆ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು. ತಿಂಗಳಿಗೊಂದರಂತೆ ಖರ್ಚಾದರೆ ಸಾವಿನ ಅಪಾಯವೂ ಹೆಚ್ಚುತ್ತದೆ. ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಅದರ ಅಗತ್ಯ ಬಿದ್ದರೆ, ರಾತ್ರಿ ಉಬ್ಬಸದಿಂದ ಎಚ್ಚರವಾದರೆ, ವೈದ್ಯರನ್ನು ಕಾಣಲೇಬೇಕು. ಡಬ್ಬಿಯಲ್ಲಿ ಎಷ್ಟು ಉಳಿದಿದೆಯೆಂದು ನೀರಿನಲ್ಲಿ ತೇಲಿಸಿ ನೋಡುವುದು ನಂಬತಕ್ಕದ್ದಲ್ಲ. ಎಣಿಕೆಯ ಕಿಟಕಿ ಇದ್ದರೆ ಅದನ್ನು ನೋಡಬೇಕು. ಇಲ್ಲದಿದ್ದರೆ ಲೆಕ್ಕ ಹಾಕಬೇಕು: ದಿನಕ್ಕೆ 4 ಪಫ್ ಬಳಸುವವರಿಗೆ 120ರ ಡಬ್ಬಿ 30 ದಿನಕ್ಕೆ ಮುಗಿಯುತ್ತದೆ. ಆಮೇಲೆಯೂ ಪುಸ್ ಎಂದರೆ ಬರುವುದು ಬರಿಯ ಗಾಳಿ.

ಸ್ಟಿರಾಯ್ಡ್ ಎಂಬ ಹೆಸರಿಗೇ ಬೆಚ್ಚುವವರಿದ್ದಾರೆ. ಇನ್‌ಹೇಲರಿನಲ್ಲಿರುವುದು ಮೈಕ್ರೊಗ್ರಾಮಿನ ಲೆಕ್ಕ. ಗುಳಿಗೆಯಲ್ಲಿರುವುದು ಮಿಲಿಗ್ರಾಮಿನ ಲೆಕ್ಕ. ಬಾಯಲ್ಲಿ ಉಳಿದ ಮದ್ದಿನಿಂದ ನಾಲಿಗೆಯ ಮೇಲೆ ಬಿಳಿ ಅಗ್ರ ಕಟ್ಟಬಹುದು, ದನಿ ಒಡೆಯಬಹುದು. ಪ್ರತಿ ಸಲವೂ ಬಾಯಿ ಮುಕ್ಕಳಿಸಿ, ಗಂಟಲಲ್ಲಿ ನೀರು ಗಳಗಳ ಮಾಡಿ ಉಗುಳಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಪಂಪು ಹಿಡಿದರೆ ಅಭ್ಯಾಸವಾಗಿಬಿಡುತ್ತದೆ, ಅದು ಕೊನೆಯ ಅಸ್ತ್ರ, ಮದುವೆಯಾಗಬೇಕಾದ ಹುಡುಗಿ ಅದನ್ನು ನಾಲ್ಕು ಜನರೆದುರು ತೆಗೆಯಬಾರದು - ಇವು ಇನ್ನೂ ಮನೆಮನೆಯಲ್ಲಿ ಕೇಳಿಬರುವ ಮಾತುಗಳು. ಕನ್ನಡಕ ಹಾಕಿದವರು ಕನ್ನಡಕಕ್ಕೆ ದಾಸರಾದರೆಂದು ಯಾರೂ ಹೇಳುವುದಿಲ್ಲ. ಬಚ್ಚಿಟ್ಟುಕೊಂಡು, ಬಚ್ಚಲಿನಲ್ಲಿ ಗಡಿಬಿಡಿಯಿಂದ ಹೊಡೆದುಕೊಳ್ಳುವ ಪಫ್ ಸರಿಯಾಗಿ ಒಳಗೆ ಹೋಗುವುದೂ ಇಲ್ಲ.

ಹೀಗೆ ತಪ್ಪಾಗಿ ಹೊಡೆಯುವುದರಿಂದ, ಹೊಡೆಯದೇ ಇರುವುದರಿಂದ ಆಗುವ ನಷ್ಟ ದೊಡ್ಡದು. 2019ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಆಸ್ತಮಾ ರೋಗಿಗಳು. ಜಗತ್ತಿನ ರೋಗಿಗಳಲ್ಲಿ ಸುಮಾರು ಶೇಕಡ 13. ಆದರೆ ಆಸ್ತಮಾದಿಂದ ಸಂಭವಿಸುವ ಸಾವುಗಳಲ್ಲಿ ಭಾರತದ ಪಾಲು ಶೇಕಡ 40ಕ್ಕೂ ಹೆಚ್ಚು. ರೋಗ ಗುರುತಿಸದಿರುವುದು, ಔಷಧ ಕೈಗೆಟುಕದಿರುವುದು ಇವೂ ಕಾರಣ. ಕೈಗೆಟುಕಿದ ಔಷಧವೂ ಎದೆಗೆ ಮುಟ್ಟದಿರುವುದು ಅವುಗಳ ಜೊತೆ ಸೇರುತ್ತದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ಗಮನಿಸಿದಾಗ, ಆಸ್ತಮಾ ಇದ್ದವರು 1979ರಲ್ಲಿ ಶೇಕಡ 9. 1999ರ ಹೊತ್ತಿಗೆ ಶೇಕಡ 29.5. ಆ ಮಕ್ಕಳು ಈಗ ಮಕ್ಕಳ ತಂದೆತಾಯಿಯರಾಗಿದ್ದಾರೆ.

ಉಬ್ಬಸ ಏರಿದಾಗ

ಒಮ್ಮೆಲೇ ಉಬ್ಬಸ ಏರಿದರೆ ರೋಗಿಯನ್ನು ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ಬಿಗಿ ಬಟ್ಟೆ ಸಡಿಲಿಸಬೇಕು. ಸಾಲ್ಬುಟಮಾಲ್ ಪಂಪನ್ನು ಸ್ಪೇಸರಿಗೆ ಸೇರಿಸಿ ಒಂದು ಪಫ್, ನಾಲ್ಕು ಉಸಿರು. ಹೀಗೆ ಒಂದೊಂದಾಗಿ ನಾಲ್ಕು ಪಫ್. ನಾಲ್ಕು ನಿಮಿಷ ಕಾದು ನೋಡಿ, ಗುಣ ಕಾಣದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮತ್ತೆ ಇದನ್ನೇ ಮಾಡುತ್ತಿರಬೇಕು. ಮಾತನಾಡಲು ಆಗದಿದ್ದರೆ, ತುಟಿ ಉಗುರು ನೀಲಿಯಾದರೆ, ಮಂಕು ಕವಿದರೆ ನಾಲ್ಕು ನಿಮಿಷವೂ ಕಾಯಬಾರದು. ಕೂಡಲೆ ಕರೆ ಮಾಡಬೇಕು.

ಯಾರು ಕಲಿಸಬೇಕು?

‘ನೋಡಿ ತಿಳಿ, ಮಾಡಿ ಕಲಿ’ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಇನ್‌ಹೇಲರಿಗೆ ಅದಕ್ಕಿಂತ ದೊಡ್ಡ ಶಾಸ್ತ್ರವಿಲ್ಲ. ಪೆಟ್ಟಿಗೆಯೊಳಗಿನ ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣದು. ‘ಗೊತ್ತಾಯ್ತಾ?’ ಎಂದು ಕೇಳಿದರೆ ಎಲ್ಲರೂ ಗೋಣಾಡಿಸುತ್ತಾರೆ. ‘ಮಾಡಿ ತೋರಿಸಿ’ ಎಂದಾಗಲೇ ತಪ್ಪು ಕಾಣುವುದು. ಕಲಿಸುವವರು ಮೊದಲು ಖಾಲಿ ಡಬ್ಬಿಯಲ್ಲಿ ತಾವೇ ಮಾಡಿ ತೋರಿಸಬೇಕು, ರೋಗಿಯಿಂದ ಮಾಡಿಸಬೇಕು, ತಪ್ಪಿದ ಕಡೆ ತಿದ್ದಿ ಮತ್ತೆ ಮಾಡಿಸಬೇಕು. ಎರಡು ಮೂರು ಸಲ ಮಾಡಿಸಲು ಎರಡು ಮೂರು ನಿಮಿಷ ಸಾಕು. ಆದರೆ ಒಂದು ಸಲ ಕಲಿತದ್ದು ನಾಲ್ಕಾರು ವಾರಗಳಲ್ಲಿ ಮತ್ತೆ ಜಾರುತ್ತದೆ. ಆದ್ದರಿಂದ ಪ್ರತಿ ಭೇಟಿಯಲ್ಲೂ ನೋಡಬೇಕು.

ಈ ಕೆಲಸಕ್ಕೆ ವೈದ್ಯರೇ ಆಗಬೇಕೆಂದಿಲ್ಲ. ನರ್ಸ್, ಔಷಧದಂಗಡಿಯವರು, ಆಶಾ ಕಾರ್ಯಕರ್ತೆ, ಶಾಲೆಯ ಮೇಷ್ಟ್ರು, ಮನೆಯ ಸೊಸೆ, ಮೊಮ್ಮಗ - ಯಾರೂ ಆಗಬಹುದು. ಒಂದೇ ಷರತ್ತು: ಕಲಿಸುವವರಿಗೆ ಮೊದಲು ಸರಿಯಾಗಿ ಬರಬೇಕು. ಆರೋಗ್ಯ ಸೇವೆಯಲ್ಲಿರುವವರಲ್ಲೇ ಹಲವರು ಇನ್‌ಹೇಲರನ್ನು ಸರಿಯಾಗಿ ಮಾಡಿ ತೋರಿಸಲಾರರೆಂಬುದು ಮತ್ತೆ ಮತ್ತೆ ಕಂಡುಬಂದಿರುವ ಸತ್ಯ. ಕಲಿಯಲು ಅದರಲ್ಲಿ ನಾಚಿಕೆಯೇನಿಲ್ಲ.

ತಾಲ್ಲೂಕು ಆಸ್ಪತ್ರೆಯ ಆ ಸ್ಟೂಲಿನ ಬಳಿ ನರ್ಸ್ ಮಾಡಿದ್ದು ಇಷ್ಟನ್ನೇ. ‘ಅಲ್ಲಾಡ್ಸಿ. ಉಸಿರು ಪೂರ್ತಿ ಬಿಡಿ. ಈಗ ಮೆಲ್ಲಗೆ ಎಳೀರಿ... ಒತ್ತಿ... ಎಳೀತಾನೇ ಇರಿ... ಬಾಯಿ ಮುಚ್ಚಿ. ಒಂದು, ಎರಡು, ಮೂರು...’ ಮೊದಲ ಸಲ ಹೊಗೆ ಹೊರಗೆ ಬಂತು. ಎರಡನೆಯ ಸಲ ಸ್ವಲ್ಪ ಬಂತು. ಮೂರನೆಯ ಸಲ ಬರಲಿಲ್ಲ. ‘ಈ ಸಲ ಬಾಯಿ ಕಹಿ ಆಗ್ಲೇ ಇಲ್ವಲ್ಲ ಸಿಸ್ಟರ್’ ಎಂದು ಆ ಹೆಂಗಸಿಗೆ ಆಶ್ಚರ್ಯ. ವೈದ್ಯರು ಚೀಟಿಯಲ್ಲಿ ಹೊಸ ಔಷಧ ಬರೆಯಲಿಲ್ಲ. ಹಳೆಯದನ್ನೇ ಮುಂದುವರಿಸಿ, ತಿಂಗಳು ಬಿಟ್ಟು ಬನ್ನಿ ಎಂದು ಬರೆದರು.

ಇನ್‌ಹೇಲರ್ ಬಳಸುವವರು ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಚೀಟಿಯ ಜೊತೆಗೆ ಇನ್‌ಹೇಲರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ. ಅವರು ಕೇಳದಿದ್ದರೆ ತಾವೇ ಹೇಳಲಿ: ‘ನಾನು ಹೊಡ್ಕೊಳ್ಳೋದು ಸರಿಯಿದೆಯಾ, ಸ್ವಲ್ಪ ನೋಡಿ.’